ಮೊರದಲ್ಲಿಟ್ಟು ಮಾರಿದ ಮಗಳು

ಸ್ವಲ್ಪ ತಾಳಿ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬನ್ನಿ. ನಾನು ಹೇಳಬೇಕೆಂದಿರುವುದು ಒಂದು ರೈಲು ಡಬ್ಬಿಯ ಮಾತು, ಆದರೆ ಅಲ್ಲಿಗೆ ನೇರವಾಗಿ ಹೋಗಲು ಬರುವುದಿಲ್ಲ. ಮೊದಲು ನಮ್ಮ ಮನೆಯ ಹೊಸ್ತಿಲು ದಾಟಬೇಕು.

ನನಗೆ ಬರೆಯುವುದನ್ನು ಯಾರೂ ಕಲಿಸಿದ್ದಲ್ಲ. ನಮ್ಮ ಕಡೆ ಶಾಲೆಯಲ್ಲಿ ಉರ್ದು. ಕನ್ನಡದ ಅಕ್ಷರಗಳನ್ನು ನಾನು ಶಹಾಬಾದಿನ ನಮ್ಮ ಮನೆಯ ನೆಲಕ್ಕೆ ಹಾಸಿದ ಪರ್ಸಿಗಲ್ಲಿನ ಮೇಲೆ ಸುಣ್ಣದ ಚೂರಿನಿಂದ ತಿದ್ದಿ, ಒರೆಸಿ, ಮತ್ತೆ ತಿದ್ದಿ ಕಲಿತೆ. ಆ ಊರಲ್ಲಿ ಪಾಟಿ ಕೊಳ್ಳುವ ಅಗತ್ಯವೇ ಇಲ್ಲ, ಕಾಲಿಟ್ಟಲ್ಲೆಲ್ಲ ಕಲ್ಲು. ಹಾಗಾಗಿ ಮಾತಾಡಿದಂತೆಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಇವರು, ಅಂದರೆ ನಮ್ಮ ಮನೆಯವರು, ಶಹಾಬಾದಿನಲ್ಲಿ ಮಾಸ್ತರರು. ಮನೆಯಲ್ಲಿ ಅತ್ತೆ, ಇವರು, ನಾನು. ಪಕ್ಕದ ಮನೆಯಲ್ಲಿ ಬೂಬು. ನಮ್ಮ ಕಡೆಯ ಸಾಬರ ಮಾತಿನಲ್ಲಿ ಬೂಬು ಅಂದರೆ ಅಕ್ಕ. ಆ ಓಣಿಗೆಲ್ಲ ಅವರೇ ಅಕ್ಕ. ಅವರ ಯಜಮಾನರು ಕಲ್ಲಿನ ಖಣಿಯಿಂದ ಬಂದ ಪರ್ಸಿಗಳ ಅಂಚು ಒಡೆದು ನೇರ ಮಾಡುವ ಕೆಲಸದವರು. ಬೆಳಗಿನಿಂದ ಸಂಜೆಯವರೆಗೆ ಅವರ ಅಂಗಳದಲ್ಲಿ ಉಳಿಯ ಟಣ್ ಟಣ್. ನಮ್ಮ ಮೊದಲ ಕೂಸು, ಗಂಡು, ಆ ಸಪ್ಪಳಕ್ಕೆ ನಗುತ್ತಿತ್ತು. ಬೇರೆ ಯಾವುದಕ್ಕೂ ಅಷ್ಟು ನಗುತ್ತಿರಲಿಲ್ಲ. ಏಳನೇ ತಿಂಗಳಲ್ಲಿ ಜ್ವರ ಬಂತು, ಹೋಯಿತು. ಕೂಸೂ ಹೋಯಿತು. ಆಮೇಲೆ ಬೂಬುವಿನ ಯಜಮಾನರು ಎಷ್ಟೋ ದಿನ ಉಳಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದರು. ಯಾರೂ ಹೇಳಿರಲಿಲ್ಲ, ಅವರೇ ಮಾಡಿದ್ದು.

ಎರಡನೆಯದು ಹೆಣ್ಣು. ಹುಟ್ಟಿದಾಗಲೇ ಅತ್ತೆ ನಿರ್ಧಾರ ಮಾಡಿಬಿಟ್ಟಿದ್ದರು. ನಮ್ಮ ಅತ್ತೆಯ ಮಡಿ ಎಷ್ಟು ಅಂದರೆ, ಹಿತ್ತಲಲ್ಲಿ ಒಣಗುವ ಅವರ ಸೀರೆಯ ನೆರಳು ದಾಟುವಾಗಲೂ ನಾವು ಮೈ ಸಂಕುಚಿಸಿಕೊಂಡು ನಡೆಯುತ್ತಿದ್ದೆವು. ಅಂಥವರು ಒಂದು ಬೆಳಿಗ್ಗೆ ಬೂಬುವಿನ ಅಂಗಳದ ಅಂಚಿಗೆ ಹೋಗಿ ನಿಂತು ಕೂಗಿದರು.

"ಏ ಬೂಬು, ಒಂದು ಕೂಸು ಮಾರೂದದ. ತಗೋತೀ ಏನ?"

ಬೂಬು ಒಳಗಿನಿಂದಲೇ ಕೇಳಿದರು, "ಚಲೋದದ ಏನ್ರಿ? ಹಾಳಮೂಳ ಮಾಲು ನಂಗ ಬ್ಯಾಡ."

ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಂದು ಕೂಸು ಹೋದ ಮನೆಯಲ್ಲಿ ಮುಂದಿನದು ಹುಟ್ಟಿದರೆ, ಅದನ್ನು ಮೊರದಲ್ಲಿಟ್ಟು, ಮಕ್ಕಳೆಲ್ಲ ಉಳಿದು ಬೆಳೆದಿರುವ ಬೇರೆ ಮನೆಯ ತಾಯಿಗೆ ಮಾರುತ್ತಾರೆ. ಬೂಬುವಿನ ಮಕ್ಕಳು ಅಂಗಳದ ತುಂಬ ಇದ್ದರು, ಒಂದೂ ಹೋಗಿರಲಿಲ್ಲ. ಮಾರಿದ ಕೂಸು ನಮ್ಮ ಮನೆಯಲ್ಲೇ ಬೆಳೆಯುತ್ತದೆ, ನನ್ನ ಹಾಲೇ ಕುಡಿಯುತ್ತದೆ. ಆದರೆ ಜಾವಳ, ಅಂದರೆ ಹುಟ್ಟುಗೂದಲು ತೆಗೆಸುವ ದಿನ ಬರುವವರೆಗೆ, ಆಮೇಲೆ ಮರಳಿ ಕೊಂಡುಕೊಳ್ಳುವವರೆಗೆ, ಅದು ಅವರ ಕೂಸು. ಅವರ ಮನೆಯ ಬಟ್ಟೆಯನ್ನೇ ತೊಡಬೇಕು. ಅವರನ್ನೇ ತಾಯಿ ಎಂದು ಕರೆಯಬೇಕು. ಯಾರು ಕೇಳಿದರೂ "ನನ್ನದು" ಎಂದು ನಾನು ಹೇಳಬಾರದು. "ಮಾರಿದ್ದೇವೆ" ಎಂದೂ ಹೇಳಬಾರದು.

"ಯಾಕಂದ್ರ," ಎಂದು ಅತ್ತೆ ನನ್ನ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ್ದರು, "ಒಯ್ಯಲಿಕ್ಕ ಬಂದಾಂವ ಯಾರ ವೇಷದಾಗ ಬರ್ತಾನೋ ಗೊತ್ತಿಲ್ಲ. ಯಾರ ಕೂಸು ಅಂತ ಕೇಳ್ತಾನ. ಮಂದೀದು ಅಂದ್ರ ಹೊಳ್ಳಿ ಹೋಗ್ತಾನ. ನನ್ನದು ಅಂದಿ ಅಂದ್ರ ಮುಗೀತು."

ಬೂಬು ಒಂದು ಸೇರು ಜೋಳ ತಂದು ಸುರಿದರು. ಅತ್ತೆ ಕೂಸಿದ್ದ ಮೊರವನ್ನು ಅವರ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು, ಬೂಬು ಕೂಸನ್ನು ಎತ್ತಿಕೊಂಡರು. ಅದೇ ಜೋಳದ ನುಚ್ಚು ಮಾಡಿ ಅತ್ತೆ ನನಗೆ ಬಡಿಸಿದರು. ಮೊದಲ ತುತ್ತು ಕೈಯಲ್ಲೇ ಹಿಡಿದು ಕೂತೆ. ಆಮೇಲೆ ತಟ್ಟೆ ಬರಿದು ಮಾಡಿದೆ. ಬಾಣಂತಿಯ ಹಸಿವು ಹಾಗೆ.

ಮೂರು ವರ್ಷ ನಾನು ಬೂಬುವಿನ ಕೂಸಿಗೆ ದಾದಿಯಾದೆ. ಬೂಬು ಈ ಆಟವನ್ನು ಎಷ್ಟು ನಿಷ್ಠೆಯಿಂದ ಆಡಿದರೆಂದರೆ, ವಾರಕ್ಕೊಮ್ಮೆ ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿ ತಂದು ನನ್ನ ಮುಂದೆ ಸುರಿಯುವರು. "ತಗೋ, ನಿನ್ನ ಪಗಾರ. ಕೂಸು ಯಾಕ ಸೊರಗ್ಯಾದ? ಹಿಂಗ ನೋಡಿಕೊಂಡ್ರ ಬ್ಯಾರೆ ದಾದಿ ಇಡ್ತೀನಿ ನೋಡು." ಕೂಸಿಗೆ ಅವರು ಅಮ್ಮೀ. ನಾನು ಅಕ್ಕ. ಹಬ್ಬಕ್ಕೆ ಅವರ ಹಿರಿಯ ಮಗನ ಹಳೆಯ ಕುರ್ತಾ ಕತ್ತರಿಸಿ ಹೊಲಿದ ಅಂಗಿ. ಬಟ್ಟೆ ಸಾಲದೆ ಒಂದು ತೋಳು ಹಸಿರು, ಒಂದು ತೋಳು ಬಿಳಿ. ಇಂಥ ಕೂಸುಗಳಿಗೆಲ್ಲ ಚುಚ್ಚುವಂತೆ ಬಲ ಮೂಗಿಗೆ ಸಣ್ಣ ನತ್ತು. ಅವರ ಮನೆಯಲ್ಲಿ ಉಂಡು ಬಾಯಿ ಒರೆಸಿಕೊಳ್ಳದೆ ಬಂದು ಅತ್ತೆಯ ತೊಡೆ ಏರಿದರೂ ಅತ್ತೆ ಏನೂ ಅನ್ನುತ್ತಿರಲಿಲ್ಲ. ಓಣಿಯವರು ಕೇಳಿದರೆ, "ಕೂಸಿಗಿ ಎಲ್ಲೀ ಮಡಿ?" ಎನ್ನುವರು. ಆಮೇಲೆ ಹೋಗಿ ಮೈಮೇಲೆ ನೀರು ಸುರಿದುಕೊಳ್ಳುವರು. ಹಗಲಿನಲ್ಲಿ ಎಷ್ಟು ಸಲ ಸ್ನಾನವಾದರೂ, ನೆಗಡಿ ಬಂದರೂ ಮೊಮ್ಮಗಳನ್ನು ಮಾತ್ರ ಕೆಳಗಿಳಿಸಲಿಲ್ಲ.

ಅಷ್ಟೆಲ್ಲ ನಗುವಿನ ನಡುವೆ ನನಗಿದ್ದ ಆಸೆ ಒಂದೇ. ಆಕೆ ಉಳಿಯಬೇಕು. ಉಳಿದರೆ ಒಂದು ದಿನ, ಕೇಳಿದವರ ಮುಂದೆ, ನನ್ನ ಮಗಳು ಎಂದು ಹೇಳಬೇಕು.

ಮೂರನೆಯ ವರ್ಷದ ಚಳಿಗಾಲದಲ್ಲಿ ಜಾವಳ ನಿಶ್ಚಯವಾಯಿತು. ಮನೆದೇವರ ಗುಡಿ ಚಿಂಚೋಳಿಯ ಹತ್ತಿರ. ಕೂದಲು ತೆಗೆಸಿ ಬಂದ ಮೇಲೆ ಶಹಾಬಾದಿನಲ್ಲಿ, ಬೂಬುವಿನ ಮೆಟ್ಟಿಲ ಮೇಲೆ, ಮರಳಿ ಕೊಳ್ಳುವುದು ಎಂದಾಯಿತು. ಅತ್ತೆಗೆ ಮೊಣಕಾಲು ನೋವು, ಅವರು ಮನೆಯಲ್ಲೇ ಉಳಿದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಇಷ್ಟು ದಿನ ಬಾಯಿ ಬಿಗಿ ಹಿಡದೀದಿ. ಇನ್ನ ನಾಕು ದಿನ ಹಿಡಿ," ಎಂದರು. ಬೂಬು ಬುತ್ತಿ ಕೊಟ್ಟರು. ಕೂಸು ಅವರ ಓಢಣಿ ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಬೇಕಾಯಿತು.

ವಾಡಿಯಲ್ಲಿ ಗಾಡಿ ಬದಲಿಸಿದೆವು. ಇವರು ನಮ್ಮಿಬ್ಬರನ್ನು ಜನಾನಾ ಡಬ್ಬಿಗೆ ಹತ್ತಿಸಿ, ಕಿಟಕಿಯಲ್ಲಿ ನೀರಿನ ತಂಬಿಗೆ ಕೊಟ್ಟು, ಮುಂದಿನ ಡಬ್ಬಿಗೆ ಹೋದರು. ಡಬ್ಬಿಯ ತುಂಬ ಹೆಂಗಸರು, ಗಂಟುಗಳು. ನನ್ನ ಎದುರಿಗೆ ಇಳಕಲ್ಲ ಸೀರೆಯ ದಪ್ಪನೆಯ ಹೆಂಗಸೊಬ್ಬರು. ಚಿತ್ತಾಪುರಕ್ಕೆ ಹೊರಟಿದ್ದೇನೆ, ಪಟೇಲರ ಮನೆಯವಳು ಎಂದು ಯಾರೂ ಕೇಳದೆಯೇ ಹೇಳಿಕೊಂಡಿದ್ದರು. ಪಕ್ಕದಲ್ಲಿ ಸೇಡಮ್ಮಿಗೆ ಹೋಗುವ ಒಬ್ಬ ಮುದುಕಿ, ಹಸಿ ತೊಗರಿಕಾಯಿಯ ದೊಡ್ಡ ಗಂಟು ಬಿಚ್ಚಿ ಸುಲಿಯುತ್ತಿದ್ದರು. ಕೂಸು ಅವರ ಮುಂದೆ ಕೈ ಒಡ್ಡಿತು. ಅವರು ಒಂದೊಂದೇ ಕಾಳು ಅಂಗೈಗೆ ಹಾಕಿದರು.

ಪಟೇಲರ ಮನೆಯವರು ಕೂಸಿನ ಗಲ್ಲ ಹಿಡಿದು ಕೇಳಿದರು, "ಯಾರ ಮಗಳವ್ವ ನೀ?"

ಅತ್ತೆಯ ಮಾತು ನೆನಪಾಯಿತು. ಯಾರ ವೇಷದಾಗ ಬರ್ತಾನೋ ಗೊತ್ತಿಲ್ಲ.

"ಅಮ್ಮೀದು," ಎಂದಿತು ಕೂಸು, ಬಾಯಿ ತುಂಬ ತೊಗರಿ.

"ನಿಮ್ಮ ಅಮ್ಮೀ ಎಲ್ಲಿದಾಳ?"

"ಶಾಬಾದ್ದಾಗ."

"ಹಂಗಾದ್ರ ಇಕಿ ಯಾರು?"

"ಅಕ್ಕ."

ಅವರು ನನ್ನ ಹಣೆಯ ಕುಂಕುಮ ನೋಡಿದರು. ಕೂಸಿನ ಕುರ್ತಾ ನೋಡಿದರು. ಮತ್ತೆ ನನ್ನನ್ನು ನೋಡಿದರು. "ಏನವ್ವ ತಂಗಿ, ಯಾರ ಕೂಸು ಇದು?"

"ನಮ್ಮ ಬಾಜೂ ಮನಿಯವರದ್ರಿ."

"ಎಲ್ಲಿಗಿ ಒಯ್ಯಲಿಕತ್ತೀದಿ?"

"ಚಿಂಚೋಳಿ ಕಡಿಗಿರಿ."

"ಯಾಕ?"

ನನಗೆ ಸುಳ್ಳು ಹೊಳೆಯುವುದಿಲ್ಲ, ಅದೇ ನನ್ನ ಕಷ್ಟ. "ತಲಿ ಬೋಳಿಸಲಿಕ್ಕರಿ," ಎಂದೆ.

ಡಬ್ಬಿಯ ಹೆಂಗಸರೆಲ್ಲ ಕತ್ತು ಚಾಚಿ ನನ್ನನ್ನು ನೋಡಿದರು.

"ಕೇಳಿದ್ರ್ಯಾ?" ಎಂದರು ಪಟೇಲರ ಮನೆಯವರು, ಎಲ್ಲರ ಕಡೆ ತಿರುಗಿ. "ಮಂದಿ ಕೂಸು. ಹಡದಾಕಿ ಶಾಬಾದ್ದಾಗ. ಇಕಿ ಒಯ್ದು ತಲಿ ಬೋಳಸ್ತಾಳಂತ. ಯಾಕವ್ವ, ಗುರುತು ಸಿಗಬಾರದಂತೇನ?" ಹೀಗೆಂದವರೇ ಕೂಸನ್ನು ಎಳೆದು ತಮ್ಮ ಪಕ್ಕಕ್ಕೆ ಕೂರಿಸಿಕೊಂಡು ಕೈ ಅಡ್ಡ ಇಟ್ಟರು. "ಅಂಜಬ್ಯಾಡ. ನಾ ಇದೀನಿ."

ಈಗ ನೆನೆದರೆ ನಗು ಬರುತ್ತದೆ. ಅವರು ಮಾಡಿದ್ದೂ ಒಳ್ಳೆಯದೇ. ನಿಜವಾಗಿ ಯಾರೋ ನನ್ನ ಮಗಳನ್ನು ಕದ್ದೊಯ್ಯುತ್ತಿದ್ದರೆ ಅಂಥ ಒಬ್ಬರು ಆ ಡಬ್ಬಿಯಲ್ಲಿರಲಿ ಎಂದೇ ನಾನು ಬೇಡಿಕೊಳ್ಳುತ್ತಿದ್ದೆ. ಆದರೆ ಆಗ ಕೂಸು ಅಳಲು ಶುರುಮಾಡಿತು, ಅಮ್ಮೀ ಅಮ್ಮೀ ಎಂದು. ನನ್ನ ಕಡೆ ಕೈ ಚಾಚಲಿಲ್ಲ. ನನ್ನ ನಾಲಿಗೆಯ ತುದಿಯಲ್ಲಿ ಎರಡೇ ಮಾತು ನಿಂತಿದ್ದವು: ನನ್ನ ಮಗಳು. ಅಂದುಬಿಟ್ಟರೆ ಕೂಸು ಈಗಲೇ ನನ್ನ ತೊಡೆಗೆ ಬರುತ್ತದೆ. ಆಮೇಲೆ? ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕೂತೆ. ಅದನ್ನು ನೋಡಿ ಅವರಿಗೆ ಅನುಮಾನ ಇನ್ನೂ ಗಟ್ಟಿಯಾಯಿತು.

ಚಿತ್ತಾಪುರ ಬಂತು. ಅವರು ಇಳಿಯುವ ಬದಲು ಕಿಟಕಿಯಿಂದ ತಲೆ ಹೊರಹಾಕಿ ನಿಶಾನಿಯ ಬಾವುಟ ಹಿಡಿದವನನ್ನು ಕೂಗಿದರು. ಅಷ್ಟರಲ್ಲಿ ನೀರು ಬೇಕೇನೋ ಎಂದು ವಿಚಾರಿಸಲು ಇವರೂ ಬಂದರು.

"ನೀವು ಇಕಿ ಗಂಡ ಏನ್ರಿ?"

"ಹೌದ್ರಿ."

"ಈ ಕೂಸು ಯಾರದು?"

ಇವರು ನನ್ನ ಮುಖ ನೋಡಿದರು. ನಾನು ಸೆರಗು ಕಚ್ಚಿ ಕೂತಿದ್ದೆ. ಮಾಸ್ತರರು, ಶಾಲೆಯಲ್ಲಿ ಹುಡುಗರಿಗೆ ಸತ್ಯ ಹೇಳಿರೆಂದು ಬೆತ್ತ ಬೀಸುವವರು. ಇಂಥ ಆಚಾರಗಳನ್ನು ನಂಬುವವರೂ ಅಲ್ಲ. ಮನೆಯಲ್ಲಿ ಅತ್ತೆಯೊಡನೆ ಇದೇ ವಿಷಯಕ್ಕೆ ಅದೆಷ್ಟು ವಾದ ಮಾಡಿದ್ದರು. ಗಂಟಲು ಸರಿಮಾಡಿಕೊಂಡು, "ನಮ್ಮ ಬಾಜೂ ಮನಿ ಬೂಬು ಅವರದರಿ," ಎಂದರು.

"ನೋಡ್ರಿ, ಇಬ್ಬರೂ ಕೂಡ್ಯಾರ," ಎಂದರು ಪಟೇಲರ ಮನೆಯವರು.

ನಿಶಾನಿಯವನು ತಲೆ ಕೆರೆದುಕೊಂಡ. "ಗಾಡಿ ಬಿಡೂ ಹೊತ್ತಾತ್ರಿ. ಇಳಸೂದಿದ್ರ ಇಳಸ್ರಿ, ಇಲ್ಲಾಂದ್ರ ಬಿಡ್ರಿ."

ಆಗ ಮುದುಕಿ ಮಡಿಲಿನ ಸಿಪ್ಪೆ ಕೊಡವಿ ಎದ್ದರು. ಕೂಸಿನ ಹತ್ತಿರ ಬಂದು ಬಲ ಮೂಗಿನ ನತ್ತು ಮುಟ್ಟಿದರು. ಹಸಿರು ತೋಳು ಹಿಡಿದು ನೋಡಿದರು, ಬಿಳಿಯ ತೋಳು ಹಿಡಿದು ನೋಡಿದರು. ಹಣೆಯ ಮೇಲಿನ, ಕತ್ತರಿ ಕಾಣದ ಕೂದಲನ್ನು ಹಿಂದೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು.

"ಮೊದಲಿಂದು ಎಷ್ಟು ತಿಂಗಳಿಗಿ ಹೋತವ್ವ?"

"ಏಳರಾಗ," ಎಂದೆ.

ಅವರು ಪಟೇಲರ ಮನೆಯವರ ತೋಳಿನ ಮೇಲೆ ಕೈಯಿಟ್ಟರು. "ಕೈ ತಗೀರಿ ಅಕ್ಕಾರ. ಯಾರದು ಅಂತ ಕೇಳಬ್ಯಾಡ್ರಿ. ಅದು ಕೇಳೂ ಮಾತಲ್ಲ."

ಪಟೇಲರ ಮನೆಯವರು ಮೊದಲು ಮುದುಕಿಯನ್ನು, ಆಮೇಲೆ ಆ ಎರಡು ಬಣ್ಣದ ತೋಳುಗಳನ್ನು ನೋಡಿದರು. ಕೈ ತಾನಾಗಿ ಸಡಿಲವಾಯಿತು. ಗಾಡಿ ಹೊರಟಿತು, ಇವರು ಓಡಿ ತಮ್ಮ ಡಬ್ಬಿ ಹತ್ತಿದರು.

ಮೊದಲು ಮಾತಾಡಿದವರು ಪಟೇಲರ ಮನೆಯವರೇ. ಕಿಟಕಿಯ ಹೊರಗೆ ಮುಖ ಮಾಡಿ, ಬಯಲಿಗೆಲ್ಲ ಕೇಳಿಸುವಂತೆ, "ಯಾರದೋ ಕೂಸವ್ವ. ನೋಡಲಿಕ್ಕೂ ಚಂದಿಲ್ಲ. ಕರ್ರಗ ಹಂಚಿನಂಗದ," ಎಂದರು.

ಮುದುಕಿ ಕೂಡಲೇ ಆ ಮಾತು ಎತ್ತಿಕೊಂಡರು. "ಮೂಗು ನೋಡ್ರಿ. ಬದನಿಕಾಯಿ ತೊಟ್ಟು."

ಮೂಲೆಯಲ್ಲಿ ಬುರ್ಖಾದೊಳಗಿಂದ ಇನ್ನೊಬ್ಬರು, "ಕಿವಿ ಎಷ್ಟು ದೊಡ್ಡವು, ಯಾ ಅಲ್ಲಾ. ಮೊಲದ ಮರಿ."

"ಇಂಥಾದು ಯಾರು ಒಯ್ತಾರ? ಪುಕ್ಕಟ ಕೊಟ್ರೂ ಬ್ಯಾಡ."

"ಅಳೂದು ಕೇಳ್ರಿ, ಕತ್ತೆ ಒದರಿದಂಗ."

ಡಬ್ಬಿಯ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರೂ ನನ್ನ ಕೂಸನ್ನು ಹೀಯಾಳಿಸಿದರು. ಗುರುತಿಲ್ಲದ ಹೆಂಗಸರು, ಸರದಿ ಬಿಟ್ಟವರಿಲ್ಲ. ಕೂಸು ಅಳು ನಿಲ್ಲಿಸಿ, ಇದೇನು ಹೊಸ ಆಟ ಎಂದು ಎಲ್ಲರ ಬಾಯಿ ನೋಡತೊಡಗಿತು. ನಾನು ಸೆರಗು ಬಾಯಿಂದ ತೆಗೆದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ, ಒಟ್ಟಿನಲ್ಲಿ ಮುಖ ತೊಯ್ದಿತ್ತು. ಪಟೇಲರ ಮನೆಯವರು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ತೊಗರಿ ಸುಲಿದು ತಿನ್ನಿಸುತ್ತಿದ್ದರು. ಒಮ್ಮೆ ಅದರ ನೆತ್ತಿಗೆ ಮೂಗು ಇಟ್ಟು ಬಹಳ ಹೊತ್ತು ಹಾಗೇ ಕೂತರು.

ಎಷ್ಟೋ ದೂರ ಬಂದ ಮೇಲೆ ಮುದುಕಿ ಕೇಳಿದರು, "ಅಕ್ಕಾರ, ನೀವು ಚಿತ್ತಾಪುರಕ್ಕ ಇಳಿಯವರಿದ್ರಲ್ಲ?"

ಅವರು ಹೊರಗೆ ನೋಡಿದರು. ಎರಡೂ ಕಡೆ ತೊಗರಿ ಹೊಲ. "ಹೋತು," ಎಂದರು. "ಟೇಸನಕ್ಕ ಬಂಡಿ ಬಂದಿರ್ತದ. ಎತ್ತು ಮೇಯ್ಲಿ ಬಿಡು." ಮುಂದಿನ ನಿಲ್ದಾಣದಲ್ಲಿ ಇಳಿದು, ಮರಳುವ ಗಾಡಿಗೆ ಕಾಯುತ್ತ ತಮ್ಮ ಗಂಟಿನ ಮೇಲೆಯೇ ಕೂತರು. ನಮ್ಮ ಗಾಡಿ ಹೊರಟಾಗ ಕೈ ಬೀಸಲಿಲ್ಲ. ಪ್ರೀತಿ ತೋರಿಸಬಾರದಲ್ಲ, ಮುಖ ಆ ಕಡೆ ತಿರುಗಿಸಿದರು.

ಸೇಡಮ್ಮಿನಲ್ಲಿ ಇಳಿದು ಬಂಡಿಯಲ್ಲಿ ಹೋದೆವು. ಜಾವಳ ಸುಸೂತ್ರವಾಯಿತು. ಕೂದಲು ಹೊಳೆಗೆ ಬಿಟ್ಟೆವು. ಕೂಸು ನೆತ್ತಿ ಸವರಿಕೊಂಡು, "ಅಕ್ಕ, ತಲಿ ಥಂಡಿ," ಎಂದಿತು. ದಾರಿಯಲ್ಲಿ ಚಂದಾಪುರದ ಅಂಗಡಿಯಲ್ಲಿ ಇವರು ಅದಕ್ಕೊಂದು ಕೆಂಪು ಕುಂಚಿಗೆ ಕೊಂಡರು. ನಾನು ಬೇಡ ಎಂದೆ. ಇನ್ನೂ ಬೂಬುವಿನ ಬಟ್ಟೆಯೇ ಆಗಬೇಕು. ಕುಂಚಿಗೆ ಗಂಟಿನಲ್ಲೇ ಊರಿಗೆ ಬಂತು.

ಶಹಾಬಾದಿನಲ್ಲಿ, ಬೂಬುವಿನ ಮೆಟ್ಟಿಲ ಮೇಲೆ, ಅತ್ತೆ ಮಡಿಯ ಒದ್ದೆ ಸೀರೆಯುಟ್ಟು ಮೊರ ಹಿಡಿದು ನಿಂತರು.

"ಬೂಬು, ಆ ಕೂಸು ಕೊಡ್ತೀ ಏನ?"

"ಕೊಡೂದಿಲ್ರಿ. ಅಂಗೈಯಷ್ಟಿತ್ತು ತಂದಾಗ. ಈಗ ನೋಡ್ರಿ ಹೆಂಗಾಗ್ಯಾದ. ಒಂದು ಸೇರಿನ ಮಾಲು ಏನಿದು?"

"ಹಂಗಾದ್ರ ಎರಡು ಸೇರು ತಗೋ."

"ದಾದಿ ಪಗಾರ ಯಾರು ಕೊಡವರು? ಮೂರು ವರ್ಷ ಶೇಂಗಾ ತಿಂದಾಳ ಅಕಿ."

ಇಬ್ಬರೂ ನಗದೆ ಚೌಕಾಸಿ ಮಾಡಿದರು. ಕೊನೆಗೆ ಮೊರದಲ್ಲಿ ಕೂಸನ್ನು ಕೂರಿಸಬೇಕು. ಮೂರು ವರ್ಷದ ಕೂಸು, ಮೊರದ ಅಂಚು ಪಟ್ಟನೆ ಮುರಿಯಿತು. ಅತ್ತೆ ಗಾಬರಿಯಾದರು. ಬೂಬು, "ಮುರೀಲಿ ಬಿಡ್ರಿ. ಇನ್ನ ಇದ್ರಾಗ ಯಾರನ್ನೂ ಮಾರೂದು ಬರಬಾರದು," ಎಂದು ಜೋಳ ಮಡಿಲಿಗೆ ಹಾಕಿಕೊಂಡರು. ಮತ್ತೆ ನನ್ನನ್ನು ನೇರವಾಗಿ ನೋಡಿ ಕೇಳಿದರು.

"ಯಾರ ಕೂಸು ಇದು?"

ಎಷ್ಟು ಸಲ ಒಳಗೊಳಗೇ ಅಂದುಕೊಂಡ ಮಾತು. ತುಟಿಯೊಳಗೇ ಅಂದೆ.

"ಜೋರ ಹೇಳವ್ವ. ಓಣಿಗಿ ಕೇಳಬೇಕು."

"ನನ್ನ ಮಗಳು," ಎಂದೆ.

"ಅಲ್ಲ, ಅಮ್ಮೀದು," ಎಂದು ಕೂಸು ಮುರಿದ ಮೊರದಲ್ಲಿ ಕೂತೇ ನನ್ನನ್ನು ತಿದ್ದಿತು.

ಎಲ್ಲರೂ ನಕ್ಕರು. ಬೂಬು ಮಾತ್ರ ಓಢಣಿಯಿಂದ ಕಣ್ಣು ಒತ್ತಿಕೊಂಡು, ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತರು. "ನಾ ಅಮ್ಮೀ ಅಲ್ಲ ಬೇಟಾ. ನಾ ಬೂಬು. ಅಕಿ ನೋಡು, ಅಕಿ ನಿಮ್ಮವ್ವ." ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಆಗ ಅರಿವಾಗಲಿಲ್ಲ. ಮರುದಿನದಿಂದ ಕೂಸು ಅಮ್ಮೀ ಎಂದು ಕೂಗಿದರೆ ಅವರು ಓಗೊಡಲಿಲ್ಲ. ಗೋಡೆಯ ಆಚೆ ನಿಂತು, ಕೇಳಿಸದವರ ಹಾಗೆ ಪಾತ್ರೆ ತಿಕ್ಕುತ್ತಿದ್ದರು. ಬೂಬು ಎಂದ ಮೇಲೆಯೇ ಬಂದು ಎತ್ತಿಕೊಳ್ಳುವರು. ಮೂರು ವರ್ಷ ತಮ್ಮದಾಗಿದ್ದ ತಾಯಿಯ ಹೆಸರನ್ನು ಹೀಗೆ ದಿನದಿನವೂ ನನ್ನ ಕಡೆ ಸರಿಸಿದರು.

ಕೂಸಿಗೆ ನಾನು ಮಾತ್ರ ಇನ್ನೂ ಅಕ್ಕನೇ. ನಾನು ಒತ್ತಾಯ ಮಾಡಲಿಲ್ಲ. ಕೂದಲು ಬೆರಳಿಗೆ ಸಿಗುವಷ್ಟು ಬಂದಿತ್ತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲಲ್ಲಿ ಕೂಸು ಬೂಬುವಿನ ಕಿರಿಯ ಮಗನೊಡನೆ ಜಗಳಕ್ಕೆ ನಿಂತಿತ್ತು, ಆ ಕೆಂಪು ಕುಂಚಿಗೆಯ ಮೇಲೆ ಅವನು ನೀರು ಚೆಲ್ಲಿದ್ದನಂತೆ.

"ತಡಿ, ನಮ್ಮವ್ವಗ ಹೇಳ್ತೀನಿ," ಎಂದಿತು.

ನನಗೆ ಹೇಳಿದ್ದಲ್ಲ. ನಾನು ಕೇಳುತ್ತಿದ್ದೇನೆಂದು ಅದಕ್ಕೆ ಗೊತ್ತೂ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅತ್ತೆ ಒಳಗಿನಿಂದ, "ವಾಸನಿ ಏನದು?" ಎಂದು ಕೇಳಿದರು. ಗೋಡೆಯ ಆಚೆ ಪಾತ್ರೆ ತಿಕ್ಕುವ ಸದ್ದೂ ನಿಂತಿತ್ತು.

ಈಗ ಆಕೆ ನನ್ನ ಹೆಗಲೆತ್ತರಕ್ಕೆ ಬಂದಿದ್ದಾಳೆ. ನಾನು ಇದನ್ನು ಬರೆಯುವಾಗ ಪಕ್ಕದಲ್ಲಿ ಕೂತು, ಪರ್ಸಿಯ ಮೇಲೆ ತನ್ನ ಅಕ್ಷರ ತಿದ್ದುತ್ತಿದ್ದಾಳೆ. ಸಿಟ್ಟು ಬಂದಾಗ ನನಗೆ ಈಗಲೂ ಅಕ್ಕ ಎನ್ನುತ್ತಾಳೆ. ಜ್ವರ ಬಂದು ಕಣ್ಣು ಮುಚ್ಚಿದಾಗ ಒಮ್ಮೊಮ್ಮೆ ಬಾಯಿ ತಪ್ಪಿ ಅಮ್ಮೀ ಎಂದುಬಿಡುತ್ತಾಳೆ. ಆಗ ಬೂಬು ಎಲ್ಲಿದ್ದರೂ ಬಂದು, "ಹಾಂ ಬೇಟಾ," ಎನ್ನುತ್ತಾರೆ. ನಾನು ಸರಿದು ಜಾಗ ಕೊಡುತ್ತೇನೆ.

ಆ ಮುದುಕಿ, ಆ ಪಟೇಲರ ಮನೆಯವರು, ಬುರ್ಖಾದ ಹೆಂಗಸು, ಯಾರ ಹೆಸರೂ ನಾನು ಕೇಳಲಿಲ್ಲ. ಕೇಳುವುದು ನನ್ನಿಂದಾಗುವ ಹೊತ್ತೂ ಅದಾಗಿರಲಿಲ್ಲ. ಅವರು ಆ ದಿನ ಬೈದ ಒಂದೊಂದು ಬೈಗುಳವೂ ನನಗೆ ನೆನಪಿದೆ, ದಿನಾ ದೇವರ ಮುಂದೆ ದೀಪ ಹಚ್ಚುವಾಗ ಒಂದನ್ನಾದರೂ ನೆನೆಯುತ್ತೇನೆ. ನೀವು ಅಥವಾ ನಿಮ್ಮ ಮನೆಯವರು ಯಾರಾದರೂ ಆ ಡಬ್ಬಿಯಲ್ಲಿದ್ದರೆ, ಕೂಸು ಉಳಿಯಿತೆಂದು ತಿಳಿಯಲಿ. ನಿಮ್ಮ ಮನೆಯಲ್ಲೂ ಮೊರದಲ್ಲಿಟ್ಟು ಮಾರಿದ ಕೂಸು ಇದ್ದಿರಬೇಕು. ಇಲ್ಲವೇ ನೀವೇ ಅಂಥ ಕೂಸಾಗಿರಬೇಕು. ಯಾರಿಗೆ ಮಾರಿದ್ದರು, ಏನು ಕೊಟ್ಟು ಮರಳಿ ತಂದರು, ಮೊದಲ ಸಲ ಅವ್ವ ಎಂದದ್ದು ಯಾವಾಗ? ಬರೆದು ತಿಳಿಸಿ. ಅಕ್ಷರ ಬಾರದಿದ್ದರೆ ಯಾರ ಕೈಯಿಂದಲಾದರೂ ಬರೆಸಿ. ಕೂಸಿನ್ನೂ ಮರಳಿ ಬಂದಿಲ್ಲವೆಂದರೆ ಮಾತ್ರ ಯಾರದೆಂದು ಬರೆಯಬೇಡಿ. ಕರ್ರಗಿದೆ, ಚಂದವಿಲ್ಲ ಎಂದಷ್ಟೇ ಬರೆಯಿರಿ, ನನಗೆ ಅರ್ಥವಾಗುತ್ತದೆ.